ವಾರಸುದಾರರಿಲ್ಲದ ನಗು

“ಹಲ್ಲು ನಿಮ್ದಾ?”

“ಅಲ್ಲ.”

“ಅಲ್ಲ ಅಂದ್ಮೇಲೆ ಯಾಕೆ ಕೇಳ್ತಿದೀರಾ?”

“ಕಳ್ಕೊಂಡಿದ್ದು ನಾನೇ ಅಲ್ವಾ?”

ಅವಳು ಕಿಟಕಿಯ ಸರಳುಗಳ ನಡುವಿನಿಂದ ಅವನ ಬಾಯಿಯನ್ನೇ ನೋಡಿದಳು. ಮೇಲೂ ಕೆಳಗೂ ಎಲ್ಲ ಹಲ್ಲುಗಳು ಕವಾಯತಿಗೆ ನಿಂತ ಹಾಗೆ ಸಾಲಾಗಿದ್ದವು. ಬಾಯಿ ತುಂಬ ಹಲ್ಲಿಟ್ಟುಕೊಂಡು ಇನ್ನೊಂದು ಸೆಟ್ ಹಲ್ಲು ಕೇಳಲು ಬಂದವನನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ!

ದೊಡ್ಡ ಬಸ್ ನಿಲ್ದಾಣದ ಹಿಂಭಾಗದಲ್ಲಿ, ಟೈರು ಗೋದಾಮಿಗೂ ಶೌಚಾಲಯಕ್ಕೂ ನಡುವೆ, ಕಳೆದ ವಸ್ತುಗಳ ವಿಭಾಗ. ಅದು ಅವಳ ಸಾಮ್ರಾಜ್ಯ. ಕೊಡೆಗಳು ಬಾವಲಿಗಳಂತೆ ನೇತಾಡುತ್ತಿದ್ದವು. ಒಂಟಿ ಚಪ್ಪಲಿಗಳು ಜೋಡಿಗಾಗಿ ಕಾಯುತ್ತಿದ್ದವು. ಒಮ್ಮೆ ಒಬ್ಬ ಮಹಾಶಯ ಅತ್ತೆಯನ್ನೇ ಬಸ್ಸಿನಲ್ಲಿ ಮರೆತುಹೋಗಿದ್ದ. ಅವಳು ಆ ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ, ಚಹ ಕೊಟ್ಟು, ಸಂಜೆ ಅಳಿಯ ಓಡಿ ಬಂದಾಗ ಗುರುತು ಕೇಳಿ, ಸಹಿ ಹಾಕಿಸಿಕೊಂಡೇ ಬಿಟ್ಟುಕೊಟ್ಟಿದ್ದಳು.

ಅವಳ ಕೆಲಸಕ್ಕೆ ಒಂದೇ ಸೂತ್ರ. ನಿಜವಾದ ವಾರಸುದಾರ ತಡವರಿಸುತ್ತಾನೆ. “ಕೊಡೆ ಕಪ್ಪು… ಅಲ್ಲ, ನೀಲಿ ಇರ್ಬೇಕು… ನಮ್ಮನೆಯವಳನ್ನ ಕೇಳ್ಬೇಕು” ಅನ್ನುತ್ತಾನೆ. ತನ್ನ ವಸ್ತುವನ್ನು ಯಾರು ತಾನೆ ಕಣ್ಣಿಟ್ಟು ನೋಡಿರುತ್ತಾರೆ? ಕಳ್ಳ ಮಾತ್ರ ಗಿಳಿಪಾಠ ಒಪ್ಪಿಸುತ್ತಾನೆ.

“ಸರಿ, ಗುರುತು ಹೇಳಿ,” ಅಂದಳು.

“ಬಿಳಿ ಡಬ್ಬಿ, ಒಳಗೆ ಒದ್ದೆ ಹತ್ತಿ. ಮೇಲಿನ ಸಾಲಲ್ಲಿ ಎಡಗಡೆ ಕೋರೆಹಲ್ಲು ಒಂಚೂರು ಒಳಗೆ ವಾಲಿದೆ. ಮುಂದಿನ ಎರಡರ ಮಧ್ಯ ಕೂದಲೆಳೆಯಷ್ಟು ಸಂದು. ಕೆಳಗಡೆ ಬಲಗಡೆ ಕೊನೇ ದವಡೆಹಲ್ಲು ಚಿನ್ನದ್ದು.”

ಒಂದು ಕಡೆಯೂ ತಡವರಿಸಲಿಲ್ಲ!

*ಚಿನ್ನ! ಅದಕ್ಕೇ ಬಂದಿದಾನೆ…*

“ನಿಮ್ಮ ಕೆಲಸ?”

“ಹಲ್ಲು ಕಟ್ತೀನಿ. ಡಾಕ್ಟ್ರು ಅಚ್ಚು ತೆಗೆದು ಕಳಿಸ್ತಾರೆ, ನಾನು ಮಾಡಿಕೊಡ್ತೀನಿ. ಬಸ್ಸಲ್ಲಿ ಸೀಟಿನ ಮೇಲೆ ಇಟ್ಟು ಇಳಿದುಬಿಟ್ಟೆ.”

“ಯಾರಿಗೆ ಕಟ್ಟಿದ್ದು?”

ಅಲ್ಲಿಯವರೆಗೆ ನಲ್ಲಿ ನೀರಿನ ಹಾಗೆ ಹರಿದವನು ಥಟ್ಟನೆ ನಿಂತ. “ಅದನ್ನ ಹೇಳೋ ಹಾಗಿಲ್ಲ.”

“ಅವರ ಹತ್ರ ಒಂದು ಸಹಿ ಮಾಡಿಸ್ಕೊಂಡು ಬನ್ನಿ.”

“ಅದೂ ಆಗಲ್ಲ.”

“ಹಾಗಾದ್ರೆ ಇದೂ ಆಗಲ್ಲ. ತಿಂಗಳ ಕೊನೇಲಿ ಹರಾಜಿದೆ, ಬೇಕಿದ್ರೆ ಬಂದು ಕೂಗಿ.”

ಅವನ ಮುಖ ಒಮ್ಮೆಲೇ ಇಳಿದುಹೋಯಿತು. “ಹರಾಜಾ? ಅಯ್ಯೋ… ದಯವಿಟ್ಟು, ಅದೊಂದನ್ನ ಹರಾಜಿಗೆ ಹಾಕ್ಬೇಡಿ.”

ಆ ದನಿಯಲ್ಲಿ ಏನೋ ಇತ್ತು. ಅವಳ ಎದೆಯ ಯಾವುದೋ ಮೂಲೆಯಲ್ಲಿ ಒಂದು ಬಾಗಿಲು ಕಿರ್ ಅಂದಿತು. ಅವಳು ಅವಸರದಿಂದ ಕಿಟಕಿಯನ್ನೇ ಮುಚ್ಚಿಬಿಟ್ಟಳು.

*

“ಹಲ್ಲು ಕದ್ದು ಏನ್ ಮಾಡ್ತಾನೇ ಅವನು? ಎರಡೆರಡು ಬಾಯಲ್ಲಿ ಊಟ ಮಾಡ್ತಾನಾ?” ಅತ್ತಿಗೆ ನಕ್ಕಳು.

“ಚಿನ್ನ ಇದೆ ಅತ್ತಿಗೆ ಅದರಲ್ಲಿ.”

“ನಮ್ಮ ಪತ್ತೇದಾರಮ್ಮನಿಗೆ ಹಾಲಲ್ಲೂ ಹುಳ ಕಾಣುತ್ತೆ,” ಅಂದ ಅಣ್ಣ, ಪತ್ರಿಕೆಯಿಂದ ತಲೆ ಎತ್ತದೆ. “ಹೋದ ಸಲ ಬಂದಿದ್ದ ಗಂಡಿಗೆ ಏನಂದೆ? ಕ್ರಾಪು ಅಷ್ಟು ಚೆನ್ನಾಗಿದೆ, ವಿಗ್ಗೇ ಇರ್ಬೇಕು ಅಂದೆ.”

“ವಿಗ್ಗೇ ಇತ್ತಲ್ಲ!”

“ಇತ್ತು ಕಣೇ. ಆದ್ರೆ ಎಳೆದು ನೋಡೋದಾ?”

ಅಣ್ಣ ಅತ್ತಿಗೆ ಇಬ್ಬರೂ ನಗುತ್ತಿದ್ದರೂ ಒಬ್ಬರ ಕಣ್ಣನ್ನೊಬ್ಬರು ನೋಡಿಕೊಂಡರು. ಅವಳ ಅನುಮಾನ ಎಲ್ಲಿ ಹುಟ್ಟಿತೆಂದು ಇಬ್ಬರಿಗೂ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ಅವಳಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗ ದೂರದ ಊರಿನಲ್ಲಿ ಸೇಲ್ಸ್ ಕೆಲಸದವನು, ಮಾತು ಜೇನು. ಒಂದು ದಿನ ಕಂಡಕ್ಟರ್ ಒಂದು ಚೀಲ ತಂದು ಅವಳ ಮೇಜಿನ ಮೇಲಿಟ್ಟ. ನಿಯಮದ ಪ್ರಕಾರ ತೆರೆದು ನೋಡಿದಳು. ಅವಳೇ ಹೆಣೆದುಕೊಟ್ಟ ಮಫ್ಲರ್. ಅದರ ಕೆಳಗೆ ಅಂಗೈಯಗಲದ ಎರಡು ಪುಟ್ಟ ಶೂಗಳು. ಅದರ ಕೆಳಗೆ ಒಂದು ಫೋಟೊ… ಅವನು, ಇನ್ನೊಬ್ಬ ಹೆಂಗಸು, ಆ ಶೂ ಹಾಕಿಕೊಂಡ ಮಗು.

ಅವನು ಚೀಲ ಕೇಳಲು ಬರಲೇ ಇಲ್ಲ. ಅವಳು ಕಾದಳು. ಅಳಲಿಲ್ಲ, ಆದರೆ ಕಾದಳು.

ಅಂದಿನಿಂದ ಅವಳಿಗೆ ಹೊರಗಿನ ಯಾವುದರ ಮೇಲೂ ನಂಬಿಕೆಯಿಲ್ಲ. ಎಲ್ಲ ಇರುವುದು ಚೀಲದ ಒಳಗೆ!

*

ಅವಳು ಸಂಜೆ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದಳು. ಕಾರಣ ಸರಳ. ಹೊರದೇಶದ ಪ್ರಯಾಣಿಕರು ಬಂದಾಗ ಪ್ರಶ್ನೆ ಕೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಹೀಗಾಗಿ ಇಂಗ್ಲಿಷ್ ಬಲ್ಲ ಕಳ್ಳರೆಲ್ಲ ಆರಾಮವಾಗಿ ಪಾರಾಗುತ್ತಿದ್ದರು.

ಕ್ಲಾಸು ನಡೆಯುತ್ತಿದ್ದುದು ಲಾಂಡ್ರಿಯ ಮೇಲಿನ ಕೋಣೆಯಲ್ಲಿ. ಕೆಳಗಿನಿಂದ ಇಸ್ತ್ರಿಯ ಬಿಸಿ ಏರುತ್ತಿತ್ತು. ಒಂದು ಗಂಟೆ ಕೂತವರು ಸುಕ್ಕಿಲ್ಲದೆ ಎದ್ದುಹೋಗುತ್ತಿದ್ದರು.

ಪಾಠ ಹೇಳುವ ಮೇಡಂ ಕೆಲಸದಿಂದ ನಿವೃತ್ತರಾದವರು, ವಯಸ್ಸಾದವರು, ನೇರ ಬೆನ್ನಿನವರು. ಅವರ ‘ಸ’ಕಾರದಲ್ಲಿ ಇತ್ತೀಚೆಗೆ ಒಂದು ಸಣ್ಣ ಶಿಳ್ಳೆ ಕೇಳಿಸುತ್ತಿತ್ತು. ಅದೇ ಅಸಲಿ ಉಚ್ಚಾರಣೆ ಇರಬೇಕೆಂದು ಇಡೀ ಕ್ಲಾಸು ನಂಬಿ, ಶ್ರದ್ಧೆಯಿಂದ ಅಭ್ಯಾಸ ಮಾಡಿ, ಎಲ್ಲರೂ ಶಿಳ್ಳೆ ಹೊಡೆಯುವುದನ್ನು ಕಲಿತಿದ್ದರು. “ಯೆಸ್ ಸರ್” ಎಂದು ಮುಂದಿನ ಬೆಂಚಿನ ಟೈಲರ್ ಹೇಳಿದರೆ ಬೀದಿಯ ನಾಯಿಗಳು ತಿರುಗಿ ನೋಡುತ್ತಿದ್ದವು.

ಆ ಸಂಜೆ ಬಾಗಿಲು ತೆರೆಯಿತು. ನೀಲಿ ಅಂಗಿ ತೊಟ್ಟ ಹಲ್ಲಿನವನು ಒಳಗೆ ಬಂದ!

“ಹೊಸಬರು,” ಅಂದರು ಮೇಡಂ, ಯಾಕೋ ಕಿಟಕಿಯ ಕಡೆ ನೋಡುತ್ತ. “ಅಲ್ಲಿ, ಆ ಹುಡುಗಿ ಪಕ್ಕ ಜಾಗ ಇದೆ, ಕೂತ್ಕೊಳ್ಳಿ.”

ಅವನು ಅವಳನ್ನು ನೋಡಿ ಬಾಗಿಲಲ್ಲೇ ಕಂಬವಾದ. ಅವಳೂ ಕಂಬವಾದಳು.

*ನನ್ನ ಹಿಂದೆಯೇ ಬಂದಿದಾನೆ! ಚಿನ್ನಕ್ಕೋಸ್ಕರ… ಸ್ನೇಹ ಬೆಳೆಸಿ, ಬೆಣ್ಣೆ ಹಚ್ಚಿ, ಡಬ್ಬಿ ಹೊಡ್ಕೊಂಡು ಹೋಗೋಕೆ!*

“ನೀವಿಲ್ಲಿ ಇರ್ತೀರಾ ಅಂತ ನಂಗೆ ಗೊತ್ತಿರಲಿಲ್ಲ,” ಅಂದ ಅವನು, ಕೂರುತ್ತ.

“ನಾನು ಕೇಳಲೇ ಇಲ್ವಲ್ಲ?”

“ಇಲ್ಲ, ಆದ್ರೂ…”

“ಕೇಳದೇ ಇರೋದಕ್ಕೆ ಉತ್ತರ ಕೊಡೋರನ್ನ ನಮ್ಮ ಆಫೀಸಲ್ಲಿ ಪಕ್ಕಕ್ಕೆ ನಿಲ್ಲಿಸ್ತೀವಿ.”

*

ಅಂದಿನಿಂದ ಅವಳು ಇಂಗ್ಲಿಷ್ ಕಡಿಮೆ ಕಲಿತಳು, ಅವನನ್ನು ಹೆಚ್ಚು ಓದಿದಳು.

ಒಂದು: ಅವನು ಹಲಗೆಯನ್ನು ನೋಡುತ್ತಲೇ ಇರಲಿಲ್ಲ. ಮೇಡಂ ಬಾಯಿಯನ್ನೇ ನೋಡುತ್ತಿದ್ದ. ನಡುನಡುವೆ ಕಣ್ಣು ಮುಚ್ಚಿ, ಸಂಗೀತ ಕೇಳುವವನಂತೆ ತಲೆ ವಾಲಿಸುತ್ತಿದ್ದ.

ಅಷ್ಟೇ ಆಗಿದ್ದರೆ ಬಿಡಬಹುದಿತ್ತು. ಆದರೆ ಅವನು ಕೈಯೆತ್ತಿ ಕೇಳುವ ಪ್ರಶ್ನೆಗಳು!

“ಮೇಡಂ, ಇನ್ನೊಂದ್ಸಲ ‘ಸಿಕ್ಸ್ಟಿ ಸಿಕ್ಸ್’ ಅನ್ನಿ.”

ಮೇಡಂ ಅನ್ನುತ್ತಿದ್ದರು. ಸಣ್ಣ ಶಿಳ್ಳೆ ಹೊರಡುತ್ತಿತ್ತು.

“ಈಗ ‘ಫಿಫ್ಟಿ ಫೈವ್’.”

*ನಂಬರ್ ಆಟ! ಜೂಜು! ಮೇಡಂಗೂ ಇವನಿಗೂ ಏನೋ ಒಳಸಂಚು ಇದೆ…*

ಆಮೇಲೊಂದು ದಿನ ಅವಳು ಮೆಟ್ಟಿಲ ತಿರುವಿನಲ್ಲಿ ನಿಂತು ಕಣ್ಣಾರೆ ಕಂಡಳು. ಅವನು ಜೇಬಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು ಮೇಡಂ ಕೈಗಿಟ್ಟ. ಪೊಟ್ಟಣದ ಮೂಲೆಯಿಂದ ಬಿಳಿ ಪುಡಿ ಉದುರಿತು. ಮೇಡಂ ಅತ್ತಿತ್ತ ನೋಡಿ ಬಚ್ಚಲುಮನೆಗೆ ಹೋದರು. ತಿರುಗಿ ಬಂದಾಗ ಮುಖದಲ್ಲಿ ಹೊಸ ಕಳೆ! ಪಾಠದಲ್ಲಿ ಹೊಸ ಉತ್ಸಾಹ!

ಪಾಪ, ಆ ವಯಸ್ಸಾದ ಜೀವವನ್ನು ಈ ಕಿರಾತಕ ಯಾವ ಚಟಕ್ಕೆ ಬೀಳಿಸಿದ್ದಾನೋ!

ಇಷ್ಟೆಲ್ಲ ಆದರೂ ಒಂದು ತೊಂದರೆಯಿತ್ತು. ಅವನ ಪಕ್ಕ ಕೂತಾಗ ಅವಳಿಗೆ ನಗು ಬರುತ್ತಿತ್ತು.

ಮೇಡಂ ಒಂದು ದಿನ ಫ್ರೇಜಲ್ ವರ್ಬ್ ಹೇಳಿಕೊಡುತ್ತಿದ್ದರು. “ನೋಡಿ, ಲುಕ್ ಅಂದ್ರೆ ನೋಡೋದು. ಲುಕ್ ಆಫ್ಟರ್ ಅಂದ್ರೆ ಜೋಪಾನ ಮಾಡೋದು. ಲುಕ್ ಇನ್ಟು ಅಂದ್ರೆ ತನಿಖೆ. ಲುಕ್ ಡೌನ್ ಆನ್ ಅಂದ್ರೆ ಕೀಳಾಗಿ ಕಾಣೋದು. ಲುಕ್ಕು ಒಂದೇ. ಪಕ್ಕದಲ್ಲಿ ಯಾರು ಬಂದು ಕೂತ್ಕೋತಾರೋ ಅವರ ಬುದ್ಧಿ ಕಲಿಯುತ್ತೆ.”

“ಮದುವೆಯಾದ ಗಂಡಸರ ಹಾಗೆ,” ಅಂದ ಟೈಲರ್.

“ಹಾಗೆ ಇದ್ದಿದ್ರೆ ಚೆನ್ನಾಗಿತ್ತು,” ಅಂದಳು ಹಿಂದಿನ ಬೆಂಚಿನ ನರ್ಸಮ್ಮ.

ಇಡಿಯಮ್ಮುಗಳ ದಿನವಂತೂ ಸಂತೆ. ಗುಟ್ಟು ರಟ್ಟಾಯಿತು ಅನ್ನಲು ಇಂಗ್ಲಿಷರು ‘ಬೆಕ್ಕು ಚೀಲದಿಂದ ಹೊರಬಂತು’ ಅನ್ನುತ್ತಾರೆಂದು ಮೇಡಂ ಹೇಳಿದರು.

“ಬೆಕ್ಕನ್ನ ಚೀಲಕ್ಕೆ ಹಾಕಿದ್ದು ಯಾರು ಮೇಡಂ?” ಟೈಲರ್ ಎದ್ದುನಿಂತ.

“ಅದು ಪರೀಕ್ಷೆಗೆ ಬರಲ್ಲ.”

“ಚೀಲ ಎಲ್ಲಿ ಕಳೆದಿತ್ತಂತೆ? ಇವರ ಆಫೀಸಲ್ಲಿ ಇದ್ಯಾ ಕೇಳಿ,” ಅಂತ ನೀಲಿ ಅಂಗಿಯವನು ಪಿಸುಗುಟ್ಟಿದ.

“ಇದೆ. ಆದ್ರೆ ಬೆಕ್ಕಿನ ಸಹಿ ಬೇಕು,” ಅಂದುಬಿಟ್ಟಳು ಅವಳು.

ಅವನು ನಕ್ಕ. ಇಡೀ ಮುಖದಿಂದ ನಗುವವನು. ಅವಳ ಒಳಗೆ ಏನೋ ಮೆತ್ತಗಾಯಿತು. ಆ ಸಂಜೆ ಇಬ್ಬರೂ ಬಸ್ಸು ಬಿಟ್ಟು, ಅಂಗಡಿ ಸಾಲಿನುದ್ದಕ್ಕೂ ನಡೆದೇ ಹೋದರು.

“ನೀವು ಯಾರನ್ನೂ ನಂಬಲ್ವಾ?” ಅವನು ಕೇಳಿದ.

“ಯಾಕೆ ನಂಬಬೇಕು?”

“ಸುಸ್ತಾಗಲ್ವಾ?”

ಹೀಗೆ ಯಾರೂ ಅವಳನ್ನು ಕೇಳಿರಲಿಲ್ಲ. ಜಾಣೆ ಅಂದಿದ್ದರು, ಸಂಶಯಪಿಶಾಚಿ ಅಂದಿದ್ದರು, ಪತ್ತೇದಾರಮ್ಮ ಅಂದಿದ್ದರು. ಸುಸ್ತಾಗಲ್ವಾ ಅಂತ… ಯಾರೂ ಇಲ್ಲ.

ಆಗುತ್ತೆ ಅನ್ನಬೇಕೆಂದಿದ್ದಳು.

“ಹೀಗೆ ಸಿಹಿ ಮಾತಾಡೋದು ಎಲ್ಲಿ ಕಲಿತ್ರಿ?” ಅಂದಳು.

ಅವನು ಅವಳ ಮನೆಯ ತಿರುವಿನವರೆಗೆ ಬಂದು, ತಲೆಯಾಡಿಸಿ, ಹೊರಟುಹೋದ.

*ನಟನೆ… ಅಲ್ವಾ? ನಟನೆಯೇ ಇರ್ಬೇಕು. ಇಲ್ಲದಿದ್ರೆ…* ಇಲ್ಲದಿದ್ದರೆ ಏನೆಂದು ಯೋಚಿಸಲು ಅವಳಿಗೆ ಭಯವಾಯಿತು. ಕಳ್ಳನಾದರೆ ಸುಲಭ. ಒಳ್ಳೆಯವನಾದರೆ ಏನು ಮಾಡುವುದು!

*

ಆಮೇಲೆ ಬಂತು ಅವಳಿಗಾಗಿಯೇ ಹುಟ್ಟಿದಂಥ ಪಾಠ.

ಕಣ್ಣಿಗೆ ಕಂಡ ಸುಳಿವಿನಿಂದ ಊಹಿಸುವುದು. ನೂರಕ್ಕೆ ನೂರು ಖಾತ್ರಿಯಾದರೆ ‘ಮಸ್ಟ್ ಬಿ’. ಇದ್ದರೂ ಇರಬಹುದು ಅನ್ನಲು ‘ಮೈಟ್ ಬಿ’. ಸಾಧ್ಯವೇ ಇಲ್ಲ ಅನ್ನಲು ‘ಕಾಂಟ್ ಬಿ’. ಇಷ್ಟು ವರ್ಷ ತಾನು ಇಂಗ್ಲಿಷಿನಲ್ಲೇ ಯೋಚಿಸುತ್ತಿದ್ದೆನೆಂದು ಅವಳಿಗೆ ಗೊತ್ತೇ ಇರಲಿಲ್ಲ!

“ನಾಳೆ ಪ್ರತಿಯೊಬ್ಬರೂ ಒಂದೊಂದು ವಸ್ತು ತನ್ನಿ,” ಅಂದರು ಮೇಡಂ. “ಯಾರದ್ದು ಅಂತ ಹೇಳ್ಬೇಡಿ. ಬೇರೆಯವರು ಊಹಿಸ್ಲಿ.”

ಅವಳ ತಲೆಯಲ್ಲಿ ದೀಪ ಹತ್ತಿತು. ಹರಾಜು ಹತ್ತಿರ ಬಂದಿತ್ತು. ಡಬ್ಬಿಯನ್ನೇ ಅವನೆದುರು ಇಟ್ಟರೆ? ಎಲ್ಲರ ಮುಂದೆ ಅವನ ಬಣ್ಣ ಬಯಲಾದರೆ ಮೇಡಂ ಕೂಡ ಅವನ ಕೈಯಿಂದ ಪಾರಾಗುತ್ತಾರೆ.

ಕಪಾಟಿನ ವಸ್ತುವನ್ನು ಹೊರಗೆ ಒಯ್ಯುವುದು ನಿಯಮಕ್ಕೆ ವಿರುದ್ಧ. ನಿಯಮದ ಹೆಸರಲ್ಲಿ ಒಬ್ಬ ಅಳಿಯನಿಂದ ಸಹಿ ಹಾಕಿಸಿಕೊಂಡ ಅವಳು, ಮರುದಿನ ಆ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟಳು.

ಮೊದಲು ಟೈಲರನ ಗುಂಡಿ. ಆಮೇಲೆ ನರ್ಸಮ್ಮನ ಗಡಿಯಾರ. ಅದನ್ನು ನೋಡಿ “ಇದು ತುಂಬಾ ಬಿಜಿ ಇರೋರದ್ದೇ ಇರ್ಬೇಕು, ಯಾಕಂದ್ರೆ ನಿಂತುಹೋಗಿದೆ” ಎಂದು ಟೈಲರ್ ಇಂಗ್ಲಿಷಿನಲ್ಲಿ ಹೇಳಿ ಶಭಾಷ್ ಗಿಟ್ಟಿಸಿದ.

“ಈಗ ನೀನು,” ಅಂದರು ಮೇಡಂ.

ಅವಳು ಡಬ್ಬಿ ತೆರೆದು ಮೇಜಿನ ಮೇಲಿಟ್ಟಳು.

ಹಲ್ಲುಗಳು ಇಡೀ ಕ್ಲಾಸಿಗೆ ನಗೆ ಬೀರಿದವು.

“ಅಯ್ಯಯ್ಯೋ!” ನರ್ಸಮ್ಮ ಮುಂದೆ ಬಗ್ಗಿದಳು. ನೀಲಿ ಅಂಗಿಯವನ ಮುಖ ಸುಣ್ಣವಾಯಿತು. ಅವನು ಅವಳನ್ನು ನೋಡಲಿಲ್ಲ. ಮೇಡಂ ಕಡೆ ನೋಡಿದ. ಮೇಡಂ ಒಂದು ಕ್ಷಣ ಮೇಜಿನ ಅಂಚು ಹಿಡಿದುಕೊಂಡರು. ಆಮೇಲೆ ಬೆನ್ನು ನೆಟ್ಟಗೆ ಮಾಡಿದರು.

“ಶುರು ಮಾಡಿ,” ಅಂದರು.

“ಇದು ಮುದುಕನದ್ದೇ ಇರ್ಬೇಕು,” ಅಂದ ಟೈಲರ್.

“ಇಂಗ್ಲಿಷಲ್ಲಿ.”

“ದಿಸ್ ಮಸ್ಟ್ ಬಿ ಓಲ್ಡ್ ಮ್ಯಾನ್.”

“ಆನ್ ಓಲ್ಡ್ ಮ್ಯಾನ್ಸ್,” ಮೇಡಂ ತಿದ್ದಿದರು. ದನಿ ನಡುಗಲಿಲ್ಲ. ಶಿಳ್ಳೆ ಮಾತ್ರ ಸ್ವಲ್ಪ ಜೋರಾಗಿತ್ತು.

“ಜಿಪುಣನದ್ದು ಇರಬಹುದು. ಚಿನ್ನ ಬಾಯಲ್ಲಿ ಬಚ್ಚಿಟ್ಟಿದಾನೆ,” ಅಂತ ನರ್ಸಮ್ಮ ಕಷ್ಟಪಟ್ಟು ಜೋಡಿಸಿದಳು.

“ಮೈಟ್ ಬಿ… ಸರಿಯಾಗಿದೆ. ಮುಂದೆ?”

“ಸತ್ತವರದ್ದು ಇರಬಹುದು!”

“ಅದೂ… ಸರಿಯಾಗಿದೆ.”

“ನಾನು ಹೇಳ್ತೀನಿ,” ಅಂದಳು ಅವಳು. ಇಂಗ್ಲಿಷ್ ಕೈಕೊಟ್ಟಿತು, ಬಂದದ್ದು ಮನೆಮಾತು. “ಇದನ್ನ ಕದ್ದೋನು ಈ ಕೋಣೆಯಲ್ಲೇ ಇದಾನೆ. ಯಾರ ಹಲ್ಲು ಅಂದ್ರೆ ಹೇಳಲ್ಲ, ಸಹಿ ತನ್ನಿ ಅಂದ್ರೆ ತರಲ್ಲ. ಕ್ಲಾಸಿಗೆ ಬಂದು ನಂಬರ್ ಹೇಳಿಸ್ತಾನೆ. ಮೆಟ್ಟಿಲ ಮೇಲೆ ಬಿಳಿ ಪುಡಿ ಕೊಡ್ತಾನೆ. ನಾನೇ ನೋಡಿದೀನಿ! ಹೇಳಿ ನೀವೇ, ಇದು ಯಾರದ್ದು?”

ಕೆಳಗೆ ಇಸ್ತ್ರಿ ಪೆಟ್ಟಿಗೆ ಉಸ್ ಅಂದಿತು. ಎಲ್ಲರ ಕಣ್ಣು ಅವನ ಮೇಲೆ.

ಅವನು ನಿಧಾನವಾಗಿ ಎದ್ದುನಿಂತ.

“ಅದು… ಅದನ್ನ… ಹೌದು. ನಾನೇ ಕದ್ದಿದ್ದು… ಅಂದ್ರೆ… ಒಬ್ಬರ… ಒಂದು ಕಡೆ… ಕದ್ದೆ.”

ಪ್ರತಿ ಪದಕ್ಕೂ ಎಡವಿದ.

ಅವನು ಚೀಲ ಎತ್ತಿಕೊಂಡು, ಯಾರನ್ನೂ ನೋಡದೆ ಬಾಗಿಲು ದಾಟಿದ. ಮೆಟ್ಟಿಲಲ್ಲಿ ಹೆಜ್ಜೆಗಳು ಇಳಿದುಹೋದವು.

ಅವಳು ಗೆದ್ದಿದ್ದಳು. ಆದರೆ ಕಣ್ಣು ಮತ್ತೆ ಮತ್ತೆ ಆ ಖಾಲಿ ಬಾಗಿಲಿನ ಕಡೆಗೇ ಹೋಯಿತು. ಅಂದು ಕಿಟಕಿಯಲ್ಲಿ ನೀರಿನ ಹಾಗೆ ಹರಿದವನು ಇಂದು ಯಾಕೆ ಎಡವಿದ? *ಅಯ್ಯೋ… ಅಂದು ಹೇಳಿದ್ದು ನಿಜ. ಸುಳ್ಳು ಹೇಳೋಕೆ ಬರದೆ ಎಡವಿದ್ದು ಇವತ್ತು!*

“ಎಲ್ಲ ಇಲ್ಲಿ ನೋಡಿ,” ಅಂದರು ಮೇಡಂ.

ಮೇಡಂ ಡಬ್ಬಿಯಿಂದ ಹಲ್ಲಿನ ಸೆಟ್ ಎತ್ತಿಕೊಂಡರು. ಕ್ಲಾಸಿಗೆ ಬೆನ್ನು ಮಾಡಿ ನಿಂತರು. ಮೂಲೆಯ ಹೂಜಿಯಿಂದ ನೀರು ಸುರಿದ ಸದ್ದು. ಟಕ್. ಇನ್ನೊಂದು ಟಕ್. ತಿರುಗಿದಾಗ ಕೈಯಲ್ಲಿದ್ದದ್ದು ಒಂದು ಹಳೆಯ ಸೆಟ್, ನಡುವೆ ಅಂಟು ಹಾಕಿದ್ದು.

“ಸಿಕ್ಸ್ಟಿ ಸಿಕ್ಸ್,” ಅಂದರು.

ಶಿಳ್ಳೆ ಇರಲಿಲ್ಲ! ಗಂಟೆ ಬಾರಿಸಿದಂತೆ ಸ್ವಚ್ಛವಾಗಿತ್ತು.

ಟೈಲರ್ ತೆರೆದ ಬಾಯಿ ಮುಚ್ಚಲಿಲ್ಲ. “ಹಾಗಾದ್ರೆ ಮೇಡಂ… ನಾವು ಇಷ್ಟು ದಿನ ಶಿಳ್ಳೆ ಹೊಡೆದಿದ್ದು?”

“ವೃಥಾ ಶ್ರಮ.” ಮೇಡಂ ಕುರ್ಚಿಯಲ್ಲಿ ಕೂತರು. “ಹಳೇದು ಒಡೆದಿತ್ತು. ಹಲ್ಲು ಅಂಟಿಸೋ ಪುಡಿ ಹಾಕದಿದ್ರೆ ನಿಲ್ತಾ ಇರಲಿಲ್ಲ. ಎಲ್ಲಿ ಸಡಿಲ ಇದೆ ಅಂತ ಮಾತು ಕೇಳಿ ಹೇಳ್ತಾನೆ ಆ ಹುಡುಗ, ಅಂಥ ಕಿವಿ ಅವನದ್ದು. ಮತ್ತೆ ಆಸ್ಪತ್ರೆಗೆ ಬರಲ್ಲ, ಯಾರಾದ್ರೂ ನೋಡ್ತಾರೆ ಅಂದೆ. ಅದಕ್ಕೆ ಅವನೇ ಕ್ಲಾಸಿಗೆ ಬಂದ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸಿದ್ದೆ. ಆ ಕಿಟಕಿಯವಳು ನೀನೇ ಅಂತ ಗೊತ್ತಾದ್ಮೇಲೆ, ಅದರಲ್ಲೂ ನಿನಗೆ ಹೇಳ್ಬೇಡ ಅಂದೆ.”

“ನನಗಾ? ಯಾಕೆ ಮೇಡಂ?”

“ನನ್ನ ಶಿಷ್ಯೆ ಕಿಟಕಿ ಮುಂದೆ ನಿಂತು, ಈ ಹಲ್ಲು ನಂದು ಅಂತ ಹೆಂಗಮ್ಮಾ ಸಹಿ ಹಾಕ್ಲಿ? ಉಚ್ಚಾರಣೆ ಹೇಳಿಕೊಡೋಳು ನಾನು. ನಾಳೆಯಿಂದ ನೀವೆಲ್ಲ ನನ್ನ ಮಾತು ಬಿಟ್ಟು ಬಾಯಿ ನೋಡ್ತೀರಿ.” ಅವರು ಕೆನ್ನೆಯ ಮೇಲೆ, ಹಿಂದಿನ ದವಡೆಯ ಜಾಗದಲ್ಲಿ ಬೆರಳಿಟ್ಟುಕೊಂಡರು. “ಈ ಚಿನ್ನ ನಮ್ಮನೆಯವರ ಉಂಗುರ. ಅವರು ಹೋದ್ಮೇಲೆ ಬೆರಳಲ್ಲಿದ್ರೆ ಎಲ್ಲಾದ್ರೂ ಕಳೆದುಹೋಗುತ್ತೆ ಅಂತ ಬಾಯಲ್ಲಿ ಇಟ್ಕೊಂಡೆ. ನೋಡಿದ್ರೆ ಬಾಯೇ ಕಳೆದುಹೋಯ್ತು!”

ಯಾರೂ ನಗಲಿಲ್ಲ. ಆಮೇಲೆ ನರ್ಸಮ್ಮ ಫಕ್ಕನೆ ನಕ್ಕಳು, ನಗುತ್ತ ಅತ್ತಳು, ಎದ್ದುಬಂದು ಮೇಡಂ ಕೈ ಹಿಡಿದಳು.

“ಮೇಡಂ, ನಾನು…” ಅವಳೂ ಮೇಜಿನ ಹತ್ತಿರ ಬಂದಳು.

“ನನ್ನ ಹತ್ರ ಯಾಕೆ ನಿಂತಿದೀಯಾ? ಹೋಗು. ಕಳ್ಳ ಅಂದಿದ್ದು ನನ್ನನ್ನಲ್ಲ.”

ಅವಳು ಮೆಟ್ಟಿಲು ಹಾರಿಕೊಂಡು ಇಳಿದಳು. ಬೀದಿಯ ಆ ತುದಿಯವರೆಗೆ ನೋಡಿದಳು. ನೀಲಿ ಅಂಗಿಗಳು ಬೇಕಾದಷ್ಟಿದ್ದವು, ಅವನಿರಲಿಲ್ಲ.

*

ಮರುದಿನ ಬೆಳಿಗ್ಗೆ ಮೇಡಂ ಕಿಟಕಿಗೆ ಬಂದು, ಸಾಲಿನಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ “ಹಲ್ಲು ನಂದು” ಎಂದು ಸಹಿ ಹಾಕಿದರು. ಹೊರಡುವಾಗ ಆಸ್ಪತ್ರೆಯ ವಿಳಾಸ ಹೇಳಿದರು. ಅವಳು ಮೇಲಧಿಕಾರಿಯ ಹತ್ತಿರ ಹೋಗಿ ಡಬ್ಬಿ ಹೊರಗೆ ಒಯ್ದದ್ದನ್ನು ತಾನೇ ಒಪ್ಪಿಕೊಂಡು, ಬೈಸಿಕೊಂಡು, ಅರ್ಧ ದಿನ ರಜೆ ಹಾಕಿದಳು.

ಹಲ್ಲಿನ ಆಸ್ಪತ್ರೆಯ ಹಿಂದೆ ಒಂದು ಉದ್ದನೆಯ ಕೋಣೆ. ಗಾಳಿಯಲ್ಲಿ ಸುಣ್ಣದ ಧೂಳು, ಕರಗಿದ ಮೇಣದ ವಾಸನೆ. ಗೋಡೆಯುದ್ದಕ್ಕೂ ಅಚ್ಚಿನ ದವಡೆಗಳು ಬಾಯಿ ತೆರೆದು ಕೂತಿದ್ದವು. ನಿನ್ನೆಯ ಸುದ್ದಿ ಅವುಗಳಿಗೂ ಮುಟ್ಟಿದ ಹಾಗಿತ್ತು.

ಅವನು ಸಣ್ಣ ಜ್ವಾಲೆಯ ಮೇಲೆ ಚಾಕು ಕಾಯಿಸುತ್ತಿದ್ದ. ತಲೆ ಎತ್ತಿದ. ಮತ್ತೆ ಬಗ್ಗಿಸಿದ.

“ಮೇಡಂ ಹೇಳಿದ್ರಾ?”

“ಹೂಂ.”

“ಹಲ್ಲು ಸರಿಯಾಗಿ ಕೂತಿದ್ಯಂತಾ?”

“ಶಿಳ್ಳೆ ಹೋಯ್ತು.”

“ಒಳ್ಳೇದಾಯ್ತು.” ಅವನು ಮೇಣ ಕೆತ್ತತೊಡಗಿದ.

ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾದವು.

“ತಪ್ಪಾಯ್ತು,” ಅಂದಳು. “ಎಲ್ಲರ ಮುಂದೆ ನಿಮ್ಮನ್ನ ಕಳ್ಳ ಅಂದೆ.”

“ಅದಕ್ಕೆ ಬೇಜಾರಿಲ್ಲ. ಹೌದು ಅಂತ ನಾನೇ ಒಪ್ಕೊಂಡೆನಲ್ಲ.” ಚಾಕು ನಿಂತಿತು. “ಅಷ್ಟು ದೂರ ಜೊತೆಗೆ ನಡೆದ್ವಿ. ಬೆಕ್ಕಿನ ಸಹಿ ಅಂತ ನಗಿಸಿದ್ರಿ. ಆವಾಗ್ಲೂ ನೀವು ನನ್ನ ಬಗ್ಗೆ ಇದನ್ನೇ ಅಂದ್ಕೊಂಡಿದ್ರಾ? ಆ ನಗು ಕೂಡ ತನಿಖೆನಾ? ಅದು… ಅದು ನೋವಾಯ್ತು.”

ಅವಳು ಹೊಸ್ತಿಲಲ್ಲೇ ನಿಂತಿದ್ದಳು. ಇಲ್ಲಿ ಮುಚ್ಚಿಕೊಳ್ಳಲು ಯಾವ ಕಿಟಕಿಯೂ ಇರಲಿಲ್ಲ.

“ಒಂದು ಚೀಲ ಸಿಕ್ಕಿತ್ತು ನನಗೆ,” ಅಂದಳು. ಮನೆಯವರಲ್ಲದೆ ಬೇರೆ ಯಾರಿಗೂ ಹೇಳದ್ದನ್ನು ಹೇಳಿದಳು. ಮಫ್ಲರ್. ಪುಟ್ಟ ಶೂ. ಫೋಟೊ. ಆ ಕಾಯುವಿಕೆ.

ಅವನು ಜ್ವಾಲೆ ಆರಿಸಿದ. ಪೂರ್ತಿ ತಿರುಗಿ ಕೂತು ಕೇಳಿದ.

“ಆಮೇಲಿಂದ ಯಾರನ್ನೂ ಸರಿಯಾಗಿ ನೋಡೇ ಇಲ್ಲ. ನೋಡೋಕೆ ಭಯ. ನಿಮ್ಮನ್ನ ಮಾತ್ರ… ದಿನಾ ನೋಡ್ತಿದ್ದೆ. ಕಣ್ಣು ಯಾವಾಗ ಮುಚ್ತೀರಾ, ಯಾವಾಗ ನಗ್ತೀರಾ, ಯಾವ ತೋಳು ಮಡಚಿರ್ತೀರಾ… ಎಲ್ಲ ಗೊತ್ತು ನಂಗೆ. ಅನುಮಾನ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ಅನುಮಾನ ಅಂತ ಹೆಸರಿಟ್ಟುಕೊಂಡ್ರೆ ಎಷ್ಟು ಹೊತ್ತು ಬೇಕಾದ್ರೂ ನೋಡಬಹುದಲ್ಲ…” ಕಣ್ಣು ತುಂಬಿ ಬಂತು. “ಆ ನಗು ತನಿಖೆ ಅಲ್ಲ. ಅದೊಂದೇ ತನಿಖೆ ಅಲ್ಲದ್ದು.”

ಅವನು ಚಾಕುವನ್ನು ಮೇಜಿನ ಮೇಲಿಟ್ಟ. ಆಮೇಲೆ ಅವನ ತುಟಿಯ ಒಂದು ತುದಿ ಮಾತ್ರ ಮೇಲಕ್ಕೆ ಹೋಯಿತು.

“ಪತ್ತೇದಾರಮ್ಮಾವ್ರೇ, ಒಂದು ಮಾತು ಹೇಳ್ಲಾ? ಅನುಮಾನ ಪಡೋದೂ ನಿಮಗೆ ಸರಿಯಾಗಿ ಬರಲ್ಲ.”

“ಏನಂದ್ರಿ?”

“ಮೇಡಂ ಹಲ್ಲು ಎಲ್ಲಿ ಸಡಿಲ ಅಂತ ಕೇಳೋಕೆ ಎರಡು ಕ್ಲಾಸ್ ಸಾಕಿತ್ತು. ಪುಡಿ ಬೇಕಿದ್ರೆ ಅವರ ಮನೆಗೇ ಕೊಟ್ಟು ಬರ್ತಿದ್ದೆ. ಇಂಗ್ಲಿಷ್ ನಂಗೆ ಬೇಕಾಗೇ ಇಲ್ಲ, ನಾನು ಮಾತಾಡೋದು ಈ ದವಡೆಗಳ ಜೊತೆ. ಆದ್ರೂ ದಿನಾ ಸಂಜೆ ಅಂಗಿ ಬದಲಾಯಿಸ್ಕೊಂಡು ಆ ಬಿಸಿ ಕೋಣೆಗೆ ಓಡಿ ಬರ್ತಿದ್ನಲ್ಲ… ಯಾಕೆ ಅಂತ ನಿಮಗೆ ಅನುಮಾನವೇ ಬರ್ಲಿಲ್ವಾ?”

ನಂಬರ್ ಆಟ, ಬಿಳಿ ಪುಡಿ, ಚಿನ್ನ… ಜಗತ್ತಿನ ಎಲ್ಲ ಅನುಮಾನಗಳೂ ಬಂದಿದ್ದವು. ಇದೊಂದು ಬಂದಿರಲಿಲ್ಲ!

“ನೀವು… ನಿಜ ಹೇಳ್ತಿದೀರಾ?”

“ನೋಡಿ, ಮತ್ತೆ!”

“ಇಲ್ಲ, ಇಲ್ಲ!” ಅವಳು ಅಳುತ್ತಲೇ ನಕ್ಕುಬಿಟ್ಟಳು. “ಅಭ್ಯಾಸ. ಒಂದೇ ದಿನಕ್ಕೆ ಹೋಗಲ್ಲ.”

“ಬೇಡ ಬಿಡಿ. ನಿಧಾನವಾಗಿ ಹೋಗ್ಲಿ.” ಅವನು ಎದ್ದು ಸ್ಟೂಲಿನ ಮೇಲಿನ ಧೂಳನ್ನು ತನ್ನ ತೋಳಿನಿಂದಲೇ ಒರೆಸಿ ಅವಳ ಮುಂದಿಟ್ಟ. “ಕೂತ್ಕೊಳ್ಳಿ. ಏನೇನು ಕೇಳ್ಬೇಕೋ ಕೇಳಿ. ಮನೆ ಎಲ್ಲಿ, ಯಾರ್ಯಾರಿದ್ದಾರೆ, ಹಿಂದೆ ಏನಾಗಿತ್ತು. ಎಲ್ಲಕ್ಕೂ ಉತ್ತರ ಕೊಡ್ತೀನಿ.”

ಅವಳು ಕೂತಳು. ಪ್ರಶ್ನೆಗಳು ಸಾಲುಗಟ್ಟಿ ನಾಲಗೆಯ ತುದಿಗೆ ಬಂದವು. ಅವನ ಕೈಬೆರಳ ಮೇಲಿದ್ದ ಬಿಳಿ ಧೂಳನ್ನು ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

“ಇವತ್ತು ಏನೂ ಬೇಡ.”

“ಯಾಕೆ?”

“ಎಲ್ಲ ಒಂದೇ ದಿನ ಗೊತ್ತಾಗಿಬಿಟ್ರೆ… ನಾಳೆ ಏನು ನೆಪ ಹೇಳ್ಕೊಂಡು ಬರ್ಲಿ?”

ಅವನು ಅವಳ ಪಕ್ಕದಲ್ಲೇ, ನೆಲದ ಮೇಲೆ ಕೂತ.

“ನೆಪ ಇಲ್ದೆ ಬನ್ನಿ,” ಅಂದ ಮೆಲ್ಲಗೆ.

“ಬರ್ತೀನಿ.”